ನಾಲ್ಕನೇ ಕಿಟಕಿಯಲ್ಲಿ ಕೂಗಿ ಕೇಳಿದ ಪ್ರಶ್ನೆ

ಆ ದೊಡ್ಡಾಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಗಳು ಆರು. ಐದು ಕಿಟಕಿಗಳ ಮುಂದೆ ಜನ ಚೀಟಿಯನ್ನು ಒಳಗೆ ತಳ್ಳುತ್ತಾರೆ, ಮಾತ್ರೆಯ ಕವರು ತೆಗೆದುಕೊಳ್ಳುತ್ತಾರೆ, ತಮ್ಮ ಪಾಡಿಗೆ ಹೋಗುತ್ತಾರೆ. ನಾಲ್ಕನೇ ಕಿಟಕಿಯಲ್ಲಿ ಮಾತ್ರ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ. ಅಲ್ಲಿ ಜಾಲರಿಯ ಹಿಂದೆ ದಪ್ಪ ಕನ್ನಡಕ ಹಾಕಿಕೊಂಡು ಕುಳಿತ ಹೆಂಗಸು ಚೀಟಿ ನೋಡುವ ಮೊದಲೇ ಮುಖ ನೋಡುತ್ತಾಳೆ. ಆಮೇಲೆ ಇಡೀ ಸಾಲಿಗೆ ಕೇಳುವಂತೆ ಕೇಳುತ್ತಾಳೆ.

"ದಿನಕ್ಕೆ ಎಷ್ಟು ಸಲ ಹೋಗ್ತಾ ಇದೀರಿ?"

ಎಲ್ಲಿಗೆ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಮಂಗಳವಾರ ಮತ್ತು ಶುಕ್ರವಾರ ಲಿವರ್ ಕಾಯಿಲೆಯವರ ದಿನ. ಆ ಎರಡು ದಿನ ನಾಲ್ಕನೇ ಕಿಟಕಿಯ ಸಾಲು ಮೆಟ್ಟಿಲಿನವರೆಗೆ ಬೆಳೆದಿರುತ್ತದೆ, ಮತ್ತು ಸಾಲಿನಲ್ಲಿ ನಿಂತ ಅರ್ಧ ಜನ ತಮ್ಮ ಉತ್ತರವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿರುತ್ತಾರೆ. ಆಸ್ಪತ್ರೆಯಲ್ಲಿ ಕಸ ಗುಡಿಸುವವರಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರೂ ಅವಳನ್ನು ಕರೆಯುವುದು 'ಎಷ್ಟುಸಲದಕ್ಕ' ಎಂದೇ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ನೆನಪಿಲ್ಲ. ಅದರಿಂದ ಅವಳಿಗೆ ಬೇಸರವೂ ಇಲ್ಲ. "ನನ್ನ ಹೆಸರಿಂದ ಯಾರಿಗಾದ್ರೂ ಹೊಟ್ಟೆ ಸರಿಹೋಗುತ್ತೇನು?" ಎನ್ನುತ್ತಾಳೆ.

ಪ್ರಶ್ನೆಯಲ್ಲಿ ಹುಚ್ಚಾಟವೇನೂ ಇಲ್ಲ, ಅದು ಲೆಕ್ಕಾಚಾರದ ಪ್ರಶ್ನೆ. ಗಟ್ಟಿಮುಟ್ಟಾದ ಲಿವರ್ ಕರುಳಿನಿಂದ ಬರುವ ಕಲ್ಮಶವನ್ನು ಸೋಸಿ ರಕ್ತವನ್ನು ಚೊಕ್ಕಟವಾಗಿಡುತ್ತದೆ. ಸೋತ ಲಿವರ್ ಕೈಚೆಲ್ಲಿ ಕೂರುತ್ತದೆ. ಆಗ ಆ ಕಲ್ಮಶ ಸೀದಾ ತಲೆಗೆ ಹೋಗುತ್ತದೆ. ಮನುಷ್ಯ ಹಗಲು ತೂಕಡಿಸುತ್ತಾನೆ, ಮಾತು ತೊದಲುತ್ತದೆ, ಅಂಗಿಯ ಗುಂಡಿ ಹಾಕಲು ತಡಕಾಡುತ್ತಾನೆ, ಕೊನೆಗೆ ಎಚ್ಚರವೇ ತಪ್ಪುತ್ತದೆ. ಇದಕ್ಕೆ ಮದ್ದು ಒಂದು ಸಿಹಿಯಾದ, ಅಂಟಂಟಾದ ಸಿರಪ್. ಅದು ಮಾಡುವುದು ಒಂದೇ ಕೆಲಸ: ಹೊಟ್ಟೆಯನ್ನು ಕಟ್ಟಲು ಬಿಡದೆ ಕಲ್ಮಶವನ್ನು ಹೊರಗೆ ತಳ್ಳುವುದು. ದಿನಕ್ಕೆ ಎರಡು ಮೂರು ಸಲ ಸಲೀಸಾಗಿ ಹೋದರೆ ಅಳತೆ ಸರಿಯಿದೆ ಎಂದರ್ಥ. ಒಂದೇ ಸಲವಾದರೆ ಸಾಲದು, ಆರು ಸಲವಾದರೆ ಅತಿಯಾಯಿತು. ಇದನ್ನು ತಿಳಿಯಲು ಯಂತ್ರವಿಲ್ಲ, ಬಾಯಿಬಿಟ್ಟು ಕೇಳಬೇಕು. ಅಕ್ಕ ಕೇಳುತ್ತಿದ್ದಳು. ಗಂಟಲು ಸ್ವಲ್ಪ ದೊಡ್ಡದು, ಅಷ್ಟೇ.

ಅವಳ ಅಪ್ಪ ಹಳೇ ಕಾಲದ ಕಾಂಪೌಂಡರ್. ಕಲ್ಬತ್ತಿನಲ್ಲಿ ಪುಡಿ ಅರೆದು, ಬಾಟಲಿಗೆ ನೀರಿನ ಔಷಧಿ ತುಂಬಿ, ಹೊರಗೆ ಒಂದೊಂದು ಹೊತ್ತಿನ ಅಳತೆಗೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದವರು. "ಔಷಧಿ ಕೊಟ್ಟು ಮಾತು ಕೊಡದೆ ಇದ್ರೆ ಅರ್ಧ ಕೊಟ್ಟ ಹಾಗೆ ಮಗಳೇ" ಎನ್ನುತ್ತಿದ್ದರು. ಮಗಳು ಅದನ್ನು ಕಿವಿಯೋಲೆಯಂತೆ ಕಿವಿಗೇ ಹಾಕಿಕೊಂಡಳು. ಫಾರ್ಮಸಿ ಓದಿ, ಇಪ್ಪತ್ತಾರನೇ ವಯಸ್ಸಿಗೆ ಈ ಕಿಟಕಿಯ ಹಿಂದೆ ಕುಳಿತವಳು ಇಪ್ಪತ್ತೆಂಟು ವರ್ಷವಾದರೂ ಎದ್ದಿಲ್ಲ. ಬಡ್ತಿ ಕೊಟ್ಟು ಉಗ್ರಾಣದ ಮೇಲ್ವಿಚಾರಣೆಗೆ ಹಾಕುತ್ತೇವೆ ಎಂದಾಗ ಕಡ್ಡಿ ಮುರಿದಂತೆ ಬೇಡ ಎಂದಳು. ಉಗ್ರಾಣದಲ್ಲಿ ಡಬ್ಬಗಳ ಜೊತೆ ಏನು ಮಾತಾಡುವುದು? ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡನಿದ್ದಾನೆ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನ ಪಾಲಿನ ಮಾತನ್ನೂ ಸೇರಿಸಿ ಅವಳೇ ಕಿಟಕಿಯಲ್ಲಿ ಖರ್ಚು ಮಾಡುತ್ತಿದ್ದಳು.

ಮತ್ತು ಅವಳ ಮಾತು ಕೆಲಸಕ್ಕೆ ಬರುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ನೀರಿಳಿಸುವ ಮಾತ್ರೆ ಕೊಡುವಾಗ, "ಬೆಳಿಗ್ಗೆನೇ ನುಂಗಬೇಕು, ರಾತ್ರಿ ನುಂಗಿ ಎದ್ದೆದ್ದು ಓಡಾಡಿ ನನ್ನ ಬೈಬೇಡಿ. ಉಪ್ಪಿನ ಡಬ್ಬಿಗೆ ಬೀಗ ಹಾಕಿ" ಎನ್ನುತ್ತಿದ್ದಳು. ಒಬ್ಬ ಬಸ್ ಕಂಡಕ್ಟರ್ ಬಂದು, "ನನಗೆ ಬಿಪಿ ಇಲ್ಲ ಮೇಡಂ, ಪಕ್ಕದ ಮನೆಯವ್ರು ಇದು ಬಿಪಿ ಮಾತ್ರೆ ಅಂದ್ರು, ಅದಕ್ಕೆ ಬಿಟ್ಟುಬಿಟ್ಟೆ" ಎಂದ. ಅಕ್ಕ ಕನ್ನಡಕ ತೆಗೆದು ಅವನನ್ನು ನೋಡಿದಳು. "ಅನ್ನನಾಳದಲ್ಲಿ ನಿಮ್ಮ ರಕ್ತನಾಳ ಉಬ್ಬಿ ಕೂತಿದೆ. ಅಲ್ಲಿನ ಒತ್ತಡ ಇಳಿಸೋಕೆ ಈ ಮಾತ್ರೆ. ಅದು ಒಡೆದ್ರೆ ಬಾಯಲ್ಲಿ ರಕ್ತ ಬರುತ್ತೆ. ಆಗ ಪಕ್ಕದ ಮನೆಯವ್ರು ಬಟ್ಟಲು ಹಿಡೀತಾರಾ?" ಕಂಡಕ್ಟರ್ ಅಂದಿನಿಂದ ಒಂದು ದಿನವೂ ಬಿಟ್ಟಿಲ್ಲ. ಹೆಪಟೈಟಿಸ್ ಬಿ ಇದ್ದ ಒಬ್ಬ ಶಾಲೆಯ ಟೀಚರ್, ರಿಪೋರ್ಟ್ ಚೆನ್ನಾಗಿ ಬಂತು ಎಂಬ ಖುಷಿಯಲ್ಲಿ ಮಾತ್ರೆ ನಿಲ್ಲಿಸಿದಾಗ, "ಮಾತ್ರೆ ತಗೊಳ್ತಾ ಇರೋದ್ರಿಂದಲೇ ಅಲ್ವಾ ರಿಪೋರ್ಟ್ ಚೆನ್ನಾಗಿರೋದು? ಕೊಡೆ ಹಿಡಿದಿದ್ದಕ್ಕೆ ನೆನೆದಿಲ್ಲ ಅಂತ ಕೊಡೆ ಎಸೀತೀರಾ?" ಎಂದು ಕಿವಿ ಹಿಂಡಿದಳು. ಜಾಹೀರಾತು ನೋಡಿ ತಂದ ಲಿವರ್ ಟಾನಿಕ್ಕು, ಯಾರೋ ಕೊಟ್ಟ ಬೇರಿನ ಪುಡಿ, ಮೈಕೈ ನೋವಿನ ಮಾತ್ರೆ, ಇವೆಲ್ಲ ಅವಳ ಕಣ್ಣಿಗೆ ಬಿದ್ದರೆ ಮುಗಿಯಿತು. ಅವನ್ನು ಕಸಿದು ಹಾಕಲೆಂದೇ ಕಿಟಕಿಯ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದಳು.

ಹೀಗೆ ತನ್ನ ಕೆಲಸದ ಬಗ್ಗೆ ಅಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನ ಹುಟ್ಟಿದ್ದು ಒಂದು ಶುಕ್ರವಾರ, ಹನ್ನೊಂದೂವರೆ ಗಂಟೆಗೆ.

ಸಾಲನ್ನು ಬಿಟ್ಟು ಪಕ್ಕದಿಂದ ಒಬ್ಬ ಹೆಂಗಸು ಬಂದಳು. ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುವವಳು, ಬೆರಳಿಗೆ ಸೂಜಿ ಚುಚ್ಚಿದ ಗುರುತುಗಳಿದ್ದವು. ಅಕ್ಕನಿಗೆ ಅವಳ ಪರಿಚಯವಿತ್ತು. ಅವಳ ಗಂಡ ಪೇಂಟರ್. ಅಂಗಡಿ ಬೋರ್ಡುಗಳ ಮೇಲೆ, ಗೋಡೆಗಳ ಮೇಲೆ ಅಕ್ಷರ ಬರೆಯುವ ಕಸುಬು. ಕುಡಿದು ಕುಡಿದು ಲಿವರ್ ಕೆಡಿಸಿಕೊಂಡು, ಎರಡು ವರ್ಷದ ಹಿಂದೆ ಸಾಯುವ ಸ್ಥಿತಿಯಲ್ಲಿ ಬಂದು, ಅಲ್ಲಿಂದಾಚೆಗೆ ಒಂದು ತೊಟ್ಟೂ ಮುಟ್ಟದೆ ಬದುಕಿಕೊಂಡವನು. ಅಕ್ಕ ಬೇರೆ ರೋಗಿಗಳಿಗೆ ಅವನನ್ನು ತೋರಿಸಿ, "ನೋಡಿ, ಮನಸ್ಸು ಮಾಡಿದ್ರೆ ಹೀಗೆ ಮಾಡಬೇಕು" ಎನ್ನುತ್ತಿದ್ದಳು.

ಹೆಂಡತಿ ಒಂದು ಬಟ್ಟೆಚೀಲವನ್ನು ಕಿಟಕಿಯ ಹಲಗೆಯ ಮೇಲೆ ಇಟ್ಟಳು. ಒಳಗಿನ ಬಾಟಲಿಗಳು ಸದ್ದು ಮಾಡಿದವು.

"ಇದನ್ನ ವಾಪಸ್ ಇಟ್ಕೊಳ್ಳಿ ಅಕ್ಕ. ಬೇರೆ ಯಾರಿಗಾದ್ರೂ ಕೊಡಿ, ಬದುಕಬೇಕು ಅನ್ನೋ ಆಸೆ ಇರೋರಿಗೆ."

"ಯಾಕಮ್ಮ, ಏನಾಯ್ತು?"

"ಮತ್ತೆ ಶುರು ಮಾಡಿದಾರೆ." ಅವಳ ಕಣ್ಣು ಒಣಗಿತ್ತು, ಅತ್ತು ಅತ್ತು ಮುಗಿದ ಮೇಲಿನ ಒಣಗು. "ಮೂರು ವಾರ ಆಯ್ತು. ತೂರಾಡ್ತಾರೆ, ತೊದಲ್ತಾರೆ, ಕೂತಲ್ಲೇ ನಿದ್ದೆ. ಕೇಳಿದ್ರೆ ಕುಡಿದಿಲ್ಲ ಅಂತಾರೆ. ಕುಡಿದಿಲ್ಲ ಅನ್ನೋ ಮಾತೂ ನೆಟ್ಟಗೆ ಬರಲ್ಲ. ಈ ಬಾಟಲಿಗಳು ಪೇಂಟ್ ಡಬ್ಬದ ಹಿಂದೆ ಸಿಕ್ಕಿದ್ವು. ಔಷಧಿ ಬಿಟ್ಟು ಅದನ್ನ ಹಿಡ್ಕೊಂಡಿದಾರೆ. ನನ್ನ ತಮ್ಮ ಕುಡಿತ ಬಿಡಿಸೋ ಕೇಂದ್ರಕ್ಕೆ ಮಾತಾಡಿದಾನೆ. ಗೇಟಿನ ಹತ್ರ ವ್ಯಾನಲ್ಲಿ ಕೂರಿಸ್ಕೊಂಡಿದಾನೆ, ಈಗಲೇ ಕರ್ಕೊಂಡು ಹೋಗ್ತಾ ಇದೀವಿ. ಹೊರಡೋವಾಗ ಗಲಾಟೆ ಮಾಡಿದ್ರು. ಅಲ್ಲಿ ಹೋದ ತಕ್ಷಣ ಮಲಗಿಸೋ ಇಂಜೆಕ್ಷನ್ ಕೊಡ್ತಾರಂತೆ, ಆಮೇಲೆ ಗಲಾಟೆ ಇರಲ್ಲ."

ಅಕ್ಕ ಚೀಲದೊಳಗೆ ಕೈಹಾಕಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದಳು. ಮೂರು. ತಾನೇ ಕೊಟ್ಟಿದ್ದವು, ಇಪ್ಪತ್ತನಾಲ್ಕು ದಿನದ ಹಿಂದೆ, ಮಂಗಳವಾರ. ಒಂದೊಂದು ಬಾಟಲಿ ಹತ್ತು ದಿನಕ್ಕೆ. ಲೆಕ್ಕದ ಪ್ರಕಾರ ಎರಡು ಬಾಟಲಿ ಮುಗಿದು ಮೂರನೆಯದು ಅರ್ಧದ ಹತ್ತಿರ ಬಂದಿರಬೇಕಿತ್ತು. ಎರಡರ ಮುಚ್ಚಳದ ಸೀಲು ಹಾಗೇ ಇತ್ತು. ಮೂರನೆಯದರಲ್ಲಿ ಕತ್ತಿನ ಭಾಗ ಮಾತ್ರ ಖಾಲಿಯಾಗಿತ್ತು.

ಇಪ್ಪತ್ತು ದಿನಕ್ಕೂ ಹೆಚ್ಚಾಯಿತು, ಸಿರಪ್ ಹೊಟ್ಟೆಗೆ ಬಿದ್ದಿಲ್ಲ. ತೂರಾಟ, ತೊದಲು, ನಿದ್ದೆ, ಗಲಾಟೆ. ಈ ಎಲ್ಲದಕ್ಕೂ ಹೆಂಡದ ಅಗತ್ಯವೇ ಇಲ್ಲ. ಇದರ ಮೇಲೆ ಮಲಗಿಸುವ ಇಂಜೆಕ್ಷನ್ ಬಿದ್ದರೆ ಆ ಮನುಷ್ಯ ಮಲಗಿದವನು ಏಳದಿರಬಹುದು.

"ಕಿಟಕಿ ಮುಚ್ಚಿದೆ!" ಎಂದು ಸಾಲಿಗೆ ಕೂಗಿ, ಚಪ್ಪಲಿ ಮೆಟ್ಟಿಕೊಳ್ಳುವುದಕ್ಕೂ ಕಾಯದೆ ಪಕ್ಕದ ಬಾಗಿಲಿನಿಂದ ಹೊರಬಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಕೆಲಸದ ಹೊತ್ತಿನಲ್ಲಿ ನಾಲ್ಕನೇ ಕಿಟಕಿ ಮುಚ್ಚಿದ್ದು ಅದೇ ಮೊದಲು. ಸಾಲಿನಲ್ಲಿದ್ದವರು ಬೆಂಕಿಯೇ ಬಿದ್ದಿರಬೇಕೆಂದು ದಾರಿ ಬಿಟ್ಟರು.

ಗೇಟಿನ ಬಳಿ ವ್ಯಾನಿನ ಎಂಜಿನ್ ಆಗಲೇ ಶುರುವಾಗಿತ್ತು. ಹಿಂದಿನ ಸೀಟಿನಲ್ಲಿ ಪೇಂಟರ್ ಕಿಟಕಿಗೆ ತಲೆಯಾನಿಸಿ ಕುಳಿತಿದ್ದ. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ, ಅಂಗಿಯ ಗುಂಡಿಗಳು ಒಂದಕ್ಕೊಂದು ತಪ್ಪಿದ್ದವು. ಅವನ ಭಾವಮೈದುನ, ಹೆಂಡತಿಯ ತಮ್ಮ, ಮುಂದೆ ಡ್ರೈವರಿನ ಪಕ್ಕ ಕುಳಿತು ವಾಚು ನೋಡುತ್ತಿದ್ದ. ಅಕ್ಕ ಬಾಗಿಲು ತೆಗೆದಳು.

"ಏನ್ರೀ, ನನ್ನ ಗುರುತು ಸಿಕ್ತಾ?"

ಪೇಂಟರ್ ನಿಧಾನವಾಗಿ ಕಣ್ಣು ತೆರೆದ. "ಕುಡಿ... ಕುಡಿದಿಲ್ಲ" ಎಂದ.

"ಕೇಳಿದ್ರಾ?" ಎಂದ ಭಾವಮೈದುನ. "ಹೆಸರು ಕೇಳಿದ್ರೂ ಅದೇ ಉತ್ತರ."

"ಎರಡೂ ಕೈ ಮುಂದೆ ಚಾಚಿ. ಹೀಗೆ, ಬಸ್ಸು ನಿಲ್ಲಿಸೋ ಹಾಗೆ. ಅಂಗೈ ಎತ್ತಿ ಹಿಡ್ಕೊಳ್ಳಿ." ಅಕ್ಕ ತಾನೇ ಅವನ ತೋಳು ಹಿಡಿದು ಚಾಚಿಸಿದಳು. ಒಂದು ಕ್ಷಣ ಅಂಗೈಗಳು ನಿಂತವು. ಆಮೇಲೆ ಮಣಿಕಟ್ಟಿನಲ್ಲಿ ಸೋತು ಬಿದ್ದವು, ಮತ್ತೆ ಎದ್ದವು, ಮತ್ತೆ ಬಿದ್ದವು.

"ಇಳಿಸಿ ಇವರನ್ನ" ಎಂದಳು.

"ಅಕ್ಕ, ಅಲ್ಲಿ ಹನ್ನೆರಡು ಗಂಟೆಗೆ ಬರ್ತೀವಿ ಅಂತ ಹೇಳಿದೀನಿ" ಎಂದ ಭಾವಮೈದುನ. "ಭಾವನ ಕಥೆ ನಿಮಗೆ ಗೊತ್ತಿಲ್ಲ. ಐದು ಮಹಡಿ ಗೋಡೆ ಮೇಲೆ ಅಕ್ಷರ ಬರೆಯೋ ದೊಡ್ಡ ಕೆಲಸ ಸಿಕ್ಕಿತ್ತು. ಹಗ್ಗ ಕಟ್ಟಿದ ಹಲಗೆ ಮೇಲೆ ಕೂತು ಬರೀಬೇಕು. ಇವ್ರು ಬರೆದ ಸಾಲು ವಾರೆಯಾಗಿ ಇಳೀತಾ ಹೋಯ್ತು. ಕುಡಿದು ಹತ್ತಿದಾರೆ ಅಂತ ಕೆಲಸ ಕೊಟ್ಟೋರೇ ಕೆಳಗೆ ಇಳಿಸಿ ಕಳಿಸಿದಾರೆ. ಮಾನ ಹೋಯ್ತು."

"ಮಾನದ ವಿಷ್ಯ ಆಮೇಲೆ ನೋಡೋಣ. ಈಗ ಜೀವ ಹೋಗ್ತಾ ಇದೆ. ಇದು ಹೆಂಡ ಅಲ್ಲ, ಲಿವರ್ ಸೋಸದ ಕಲ್ಮಶ ತಲೆಗೆ ಏರಿರೋದು, ಕೈ ಹೀಗೆ ಬೀಳೋದು ಅದಕ್ಕೇ."

"ವಾಸನೆ?" ಹಿಂದೆಯೇ ಓಡಿ ಬಂದ ಹೆಂಡತಿ ಏದುಸಿರು ಬಿಡುತ್ತ ಕೇಳಿದಳು. "ನಾನು ದಿನಾ ಬಾಗಿಲಲ್ಲೇ ನಿಲ್ಲಿಸಿ ಬಾಯಿ ಮೂಸಿ ನೋಡ್ತೀನಿ ಅಕ್ಕ. ಎರಡು ವರ್ಷದಿಂದ ನೋಡಿದೀನಿ. ಈಗ ಮೂರು ವಾರದಿಂದ ವಾಸನೆ ಬರ್ತಾ ಇದೆ."

"ಎಂಥ ವಾಸನೆ? ಹೆಂಡದ್ದೇನಾ? ಸರಿಯಾಗಿ ಯೋಚನೆ ಮಾಡಿ ಹೇಳಿ."

ಹೆಂಡತಿ ವ್ಯಾನಿನೊಳಗೆ ಬಾಗಿ ಗಂಡನ ಬಾಯಿ ಮೂಸಿದಳು. "ಒಂಥರಾ... ಕೊಳೆತ ಹಣ್ಣಿನ ಥರ. ಸಿಹಿ ಸಿಹಿ. ಯಾವುದೋ ಬೇರೆ ಹೆಂಡ ಅಂದ್ಕೊಂಡೆ."

"ಅದು ಲಿವರ್ ವಾಸನೆ ತಾಯಿ. ಸೋತ ಲಿವರ್ ಹಾಗೇ ಬಾಯಲ್ಲಿ ನಾರುತ್ತೆ."

ಭಾವಮೈದುನ ಇನ್ನೂ ಏನೋ ಹೇಳಲು ಹೊರಟಿದ್ದ. ಅಕ್ಕ ವ್ಯಾನಿನ ಮುಂದೆ ಬಂದು ನಿಂತಳು. "ನನ್ನ ಮೇಲೆ ಹತ್ತಿಸ್ಕೊಂಡು ಹೋಗೋದಾದ್ರೆ ಹೋಗಿ. ಇಲ್ಲಾಂದ್ರೆ ಎಂಜಿನ್ ಆರಿಸಿ. ಅರ್ಧ ಗಂಟೆ ಕೊಡಿ. ರಕ್ತ ಪರೀಕ್ಷೆಯಲ್ಲಿ ಹೆಂಡ ಅಂತ ಬಂದ್ರೆ ನಾನೇ ಇವರ ಕೈಕಾಲು ಹಿಡಿದು ನಿಮ್ಮ ವ್ಯಾನಿಗೆ ಹಾಕ್ತೀನಿ." ಬರಿಗಾಲಲ್ಲಿ, ಬಿಳಿ ಕೋಟಿನಲ್ಲಿ, ಸೊಂಟಕ್ಕೆ ಕೈಯಿಟ್ಟು ನಿಂತವಳನ್ನು ನೋಡಿ ಡ್ರೈವರನೇ ಮೊದಲು ಎಂಜಿನ್ ಆರಿಸಿದ. ಅವನ ತಾಯಿಯೂ ಹೀಗೇ ನಿಲ್ಲುತ್ತಿದ್ದಿರಬೇಕು.

ತುರ್ತು ವಿಭಾಗದಲ್ಲಿ ಅಂದು ಇದ್ದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅಕ್ಕ ಒಂದೇ ಉಸಿರಿಗೆ ಹೇಳಿದಳು: ಇಂಥ ಕಾಯಿಲೆ, ಇಷ್ಟು ದಿನದಿಂದ ಸಿರಪ್ ಇಲ್ಲ, ಕೈ ನಿಲ್ಲುತ್ತಿಲ್ಲ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟಳು, ಸಕ್ಕರೆ ನೋಡಿದಳು, ಎಲ್ಲಾದರೂ ರಕ್ತ ಸೋರುತ್ತಿದೆಯೇ ಸೋಂಕಿದೆಯೇ ಎಂದು ಹುಡುಕಿದಳು. ಹೊಟ್ಟೆ ಐದು ದಿನದಿಂದ ಕಟ್ಟಿಹೋಗಿದೆ ಎಂದು ತಿಳಿಯಿತು. ಅಷ್ಟರಲ್ಲಿ ಪೇಂಟರನಿಗೆ ನುಂಗುವಷ್ಟೂ ಎಚ್ಚರ ಉಳಿದಿರಲಿಲ್ಲ. ಹಾಗಾಗಿ ಅದೇ ಸಿರಪ್ಪನ್ನು ನೀರಿಗೆ ಬೆರೆಸಿ ಕೆಳಗಿನಿಂದ ಎನಿಮಾ ಕೊಟ್ಟರು. ರಕ್ತದ ವರದಿ ಒಂದು ಗಂಟೆಗೆ ಬಂತು. ಹೆಂಡದ ಸುಳಿವೂ ಇರಲಿಲ್ಲ.

ಭಾವಮೈದುನ ಆ ಕಾಗದವನ್ನು ಎರಡು ಸಲ ಓದಿ, ಯಾರ ಮುಖವನ್ನೂ ನೋಡದೆ, ವ್ಯಾನನ್ನು ಕಳಿಸಿ ಬರುತ್ತೇನೆಂದು ಹೊರಗೆ ಹೋದ.

ಹೆಂಡತಿ ಕಾರಿಡಾರಿನ ಬೆಂಚಿನ ಮೇಲೆ ಕುಸಿದಳು. "ಅವರು ಕೆಲಸ ಮಾಡೋ ಜಾಗಕ್ಕೇ ಹೋಗಿ ಎಲ್ಲರ ಮುಂದೆ ಕುಡುಕ ಅಂದೆ ಅಕ್ಕ. ಬೀದಿಯಲ್ಲಿ ಅಂದೆ. ಮೊನ್ನೆ ಕೆನ್ನೆಗೆ ಹೊಡೆದೆ. ಅವರು ಸುಮ್ನೆ ನಿಂತಿದ್ರು."

"ಉಳೀತಾರೆ" ಎಂದಳು ಅಕ್ಕ. "ಸರಿಯಾದ ಹೊತ್ತಿಗೆ ಬಂದಿದೀರಿ. ಔಷಧಿ ವಾಪಸ್ ಕೊಡೋ ಒಳ್ಳೆ ಬುದ್ಧಿ ನಿಮಗೆ ಬಂತಲ್ಲ, ಅದೇ ದೊಡ್ಡದು. ಚರಂಡಿಗೆ ಸುರಿದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಆದ್ರೆ ಯಾಕೆ ಬಿಟ್ರು? ಕುಡಿಯೋಕೆ ಅಲ್ಲ ಅಂದ್ಮೇಲೆ ಯಾಕೆ ಬಿಟ್ರು?"

ಅಕ್ಕ ಭಾವಮೈದುನ ಹೇಳಿದ ಕೆಲಸವನ್ನು ನೆನೆದಳು. ಐದು ಮಹಡಿಯ ಗೋಡೆ, ಹಗ್ಗದ ಹಲಗೆ. ಬೆಳಿಗ್ಗೆ ಎಂಟಕ್ಕೆ ಮೇಲೆ ಹೋದರೆ ಸಂಜೆವರೆಗೆ ಅಲ್ಲೇ. ಕೆಳಗೆ ಇಳಿಯಬೇಕಾದರೆ ಇಬ್ಬರು ಹಗ್ಗ ಬಿಡಬೇಕು. ದಿನಕ್ಕೆ ಮೂರು ಸಲ, ಅದೂ ಅವಸರಕ್ಕೆ, 'ಇಳಿಸ್ರಪ್ಪಾ' ಎಂದು ಮೇಲಿನಿಂದ ಕೂಗುವುದು ಹೇಗೆ? ಇಳಿದರೂ ಆ ಕಟ್ಟಡದಲ್ಲಿ ಇನ್ನೂ ನೀರಿನ ಕೊಳಾಯಿಯೇ ಬಂದಿರಲಿಕ್ಕಿಲ್ಲ. ಕೆಲಸ ಬೇಕು, ಮಾನವೂ ಬೇಕು. ಆ ಮನುಷ್ಯ ಸಿರಪ್ ಬಿಟ್ಟ.

ಇದೆಲ್ಲ ಅಕ್ಕನಿಗೆ ಒಂದು ನಿಮಿಷದಲ್ಲಿ ಹೊಳೆಯಿತು. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು, ಅದು ಬೇಡವಾಗಿತ್ತು. ಇಪ್ಪತ್ತನಾಲ್ಕು ದಿನದ ಹಿಂದಿನ ಮಂಗಳವಾರ ಪೇಂಟರ್ ಕಿಟಕಿಗೆ ಬಾಗಿ, ಸಣ್ಣ ದನಿಯಲ್ಲಿ, "ಮೇಡಂ, ಒಂದು ಮಾತು ಕೇಳಬೇಕಿತ್ತು" ಎಂದಿದ್ದ. ಹಿಂದೆ ನಲವತ್ತು ಜನ. ಅಕ್ಕ ಎಂದಿನಂತೆ, "ಮೊದಲು ನನ್ನ ಮಾತಿಗೆ ಉತ್ತರ ಹೇಳಿ, ಎಷ್ಟು ಸಲ?" ಎಂದು ಕೂಗಿದ್ದಳು. ಹಿಂದೆ ಯಾರೋ ಕಿಸಕ್ಕೆಂದಿದ್ದರು. ಪೇಂಟರ್ ಕೆಂಪಾಗಿ, "ಮೂರು" ಎಂದ. "ಭೇಷ್! ನೋಡ್ರಪ್ಪಾ, ಹೀಗಿರಬೇಕು. ಮುಂದಿನವರು ಬನ್ನಿ!" ಅವನು ಬಾಟಲಿಗಳನ್ನು ಎದೆಗವಚಿಕೊಂಡು ಹೋಗಿಬಿಟ್ಟ. ಅವನು ಕೇಳಬೇಕೆಂದಿದ್ದ ಮಾತು ಏನಿರಬಹುದು? ಕೆಲಸಕ್ಕೆ ಹೋಗುವಾಗ ಹೇಗೆ ತಗೊಳ್ಳಲಿ ಎಂದೇ ಇರಬೇಕು. ಅದಕ್ಕೆ ಉತ್ತರ ಎರಡು ನಿಮಿಷದ್ದು. ಸಂಜೆ ಬಂದ ಮೇಲೆ ಒಂದು ಸಲ, ಮಲಗುವಾಗ ಒಂದು ಸಲ, ಬೆಳಗಿನ ಜಾವ ಎದ್ದು ಒಂದು ಸಲ ಎಂದು ಹೊತ್ತು ಹೊಂದಿಸಬಹುದಿತ್ತು. ಡಾಕ್ಟರಿಗೆ ಹೇಳಿ ಅಳತೆ ನೋಡಿ, ಜೊತೆಗೆ ಬೇರೆ ಮಾತ್ರೆ ಬರೆಸಬಹುದಿತ್ತು. ಇವೆಲ್ಲ ಅವಳಿಗೆ ಬಾಯಿಪಾಠ.

ಮೂರು ಎಂದವರೆಲ್ಲ ನಿಜ ಹೇಳಿದ್ದರೇ? ಇಷ್ಟು ವರ್ಷ ಅವಳಿಗೆ ಎಲ್ಲರೂ ಎರಡು, ಮೂರು ಎಂದೇ ಹೇಳುತ್ತಿದ್ದರು. ತನ್ನ ರೋಗಿಗಳು ಅಷ್ಟು ಶಿಸ್ತಿನವರು ಎಂದು ಹೆಮ್ಮೆಪಟ್ಟಿದ್ದಳು. ಈಗ ಅವಳ ಮುಖಕ್ಕೆ ರಪ್ಪೆಂದು ಹೊಡೆದಂತಾಯಿತು. ಅಪ್ಪ ಮಾತು ಕೊಡು ಎಂದಿದ್ದರು. ಮಾತು ತೆಗೆದುಕೊಳ್ಳುವುದನ್ನು ಅವಳು ಕಲಿತೇ ಇರಲಿಲ್ಲ.

"ಯಾಕೆ ಬಿಟ್ರು ಅಂದ್ರೆ," ಎಂದಳು ಅಕ್ಕ, ಬೆಂಚಿನ ಮೇಲೆ ಹೆಂಡತಿಯ ಪಕ್ಕ ಕೂತು, "ನಾನು ಬಿಡಿಸಿದೆ. ಅವರು ಏನೋ ಕೇಳೋಕೆ ಬಂದಿದ್ರು. ನಲವತ್ತು ಜನರ ಮುಂದೆ ಕೂಗಿ ನಾಚಿಕೆ ಮಾಡಿ ಓಡಿಸಿದೆ. ನೀವು ಕೆನ್ನೆಗೆ ಹೊಡೆದ್ರಿ, ನಾನು ಅದಕ್ಕೂ ಮೊದಲೇ ಹೊಡೆದಿದೀನಿ."

ಹೆಂಡತಿ ಅವಳನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡ ಅಕ್ಕ ಬೈಸಿಕೊಳ್ಳಲು ತಯಾರಾದಳು. ಅವಳು ಬೈಯಲಿಲ್ಲ. ಇಬ್ಬರೂ ಬಾಗಿಲಿನ ಕಡೆ ಮುಖ ಮಾಡಿ ಕುಳಿತರು.

ಸಂಜೆಯ ಹೊತ್ತಿಗೆ ಪೇಂಟರನ ಹೊಟ್ಟೆ ಮೂರು ಸಲ ಸಡಿಲವಾಗಿತ್ತು. ಆಗ ಅವನು ಕಣ್ಣು ತೆರೆದ, ಆದರೆ ಯಾರನ್ನೂ ಗುರುತಿಸಲಿಲ್ಲ. ಇನ್ನು ನಾಳೆ ನೋಡೋಣ ಎಂದಳು ಡಾಕ್ಟರಮ್ಮ.

ಅಳುತ್ತ ಕೂರುವುದು ಅಕ್ಕನ ಜಾಯಮಾನವಲ್ಲ. ತಪ್ಪಾಯಿತು, ತಿದ್ದಬೇಕು, ಅಷ್ಟೇ. ಶನಿವಾರ ಬೆಳಿಗ್ಗೆ ಎಂಟಕ್ಕೇ ಬಂದು ಕಿಟಕಿಯ ಪಕ್ಕದ ಸಣ್ಣ ಕೋಣೆಯನ್ನು ಖಾಲಿ ಮಾಡಿಸಿದಳು. ಖಾಲಿ ಡಬ್ಬಗಳು, ಮುರಿದ ತಕ್ಕಡಿ, ಹಳೇ ರಿಜಿಸ್ಟರುಗಳು ಅಲ್ಲಿ ವರ್ಷಗಟ್ಟಲೆ ಕೂತಿದ್ದವು. ಎರಡು ಕುರ್ಚಿ ಹಾಕಿಸಿದಳು, ಬಾಗಿಲಿಗೆ ಚಿಲಕ ಹಾಕಿಸಿದಳು. ಆಸ್ಪತ್ರೆಯ ಮುಖ್ಯಸ್ಥರು ಬಂದು, ಇದಕ್ಕೆ ಅನುಮತಿ ಯಾರು ಕೊಟ್ಟರು ಎಂದರು. "ಲಿವರ್ ರೋಗಿಗಳು ಸರ್" ಎಂದಳು. "ಮಂಗಳವಾರದಿಂದ ಒಬ್ಬೊಬ್ಬರನ್ನೇ ಒಳಗೆ ಕೂರಿಸಿ ಮಾತಾಡಿಸ್ತೀನಿ. ಮೊದಲು ಅವರು ಮಾತಾಡ್ತಾರೆ, ಆಮೇಲೆ ನಾನು. ಬೇಡ ಅನ್ನೋದಾದ್ರೆ ಬರೆದು ಕೊಡಿ, ಯಾಕೆ ಬೇಡ ಅಂತ." ಮುಖ್ಯಸ್ಥರಿಗೆ ಬರೆಯುವ ತಾಪತ್ರಯ ಬೇಡವಾಗಿತ್ತು. ಅಕ್ಕನ ವಿಶ್ವಾಸ ಒಂದು ರಾತ್ರಿಯಲ್ಲಿ ಎಲ್ಲಿಗೂ ಹೋಗಿರಲಿಲ್ಲ, ದಿಕ್ಕು ಬದಲಿಸಿತ್ತು ಅಷ್ಟೇ.

ಹತ್ತೂವರೆಗೆ ವಾರ್ಡಿನಿಂದ ಹೇಳಿ ಕಳಿಸಿದರು. ಅಕ್ಕ ಮೆಟ್ಟಿಲನ್ನು ಎರಡೆರಡು ಹಾರಿ ಹತ್ತಿದಳು.

ಎಂಟು ಹಾಸಿಗೆಯ ವಾರ್ಡು. ಶನಿವಾರವಾದ್ದರಿಂದ ನೋಡಲು ಬಂದವರು ತುಂಬಿದ್ದರು. ಪೇಂಟರ್ ದಿಂಬಿಗೆ ಒರಗಿ ಕುಳಿತಿದ್ದ. ಹೆಂಡತಿ ಹಾಸಿಗೆಯ ಕಾಲ ಬಳಿ ನಿಂತಿದ್ದಳು, ಹತ್ತಿರ ಹೋಗಲು ಧೈರ್ಯ ಸಾಲದವಳಂತೆ. ಡಾಕ್ಟರಮ್ಮ ಕಾಗದ ಹಿಡಿದು, ಎಚ್ಚರ ಎಷ್ಟು ಮರಳಿದೆ ಎಂದು ಅಳೆಯುವ ಪ್ರಶ್ನೆಗಳನ್ನು ಶುರು ಮಾಡಿದ್ದಳು.

"ಇವತ್ತು ಯಾವ ವಾರ?"

"ಶನಿವಾರ ಅಂತೆ. ಶುಕ್ರವಾರ ನನಗೆ ಸಿಕ್ಕಲೇ ಇಲ್ಲ."

"ಎಲ್ಲಿದೀರಿ?"

"ಆಸ್ಪತ್ರೆಯಲ್ಲಿ. ಬೇರೆ ಎಲ್ಲೋ ಹಾಕ್ತೀವಿ ಅಂತಿದ್ರು." ಮಾತು ನಿಧಾನವಾಗಿತ್ತು, ಆದರೆ ತೊದಲಿರಲಿಲ್ಲ.

"ನೂರರಲ್ಲಿ ಏಳು ಕಳೆದ್ರೆ?"

"ತೊಂಬತ್ತಮೂರು. ಇನ್ನೂ ಕಳೀಬೇಕಾ?"

"ಸಾಕು. ಇವರು ಯಾರು?" ಡಾಕ್ಟರಮ್ಮ ಪೆನ್ನಿನಿಂದ ಅಕ್ಕನ ಕಡೆ ತೋರಿಸಿದಳು.

"ನಾಲ್ಕನೇ ಕಿಟಕಿ ಮೇಡಂ. ಇವರಿಗೆ ಒಂದು ಸುಳ್ಳು ಹೇಳಿದೀನಿ."

"ನೀವು ಹೇಳಿದ್ದಲ್ಲ, ನಾನು ಹೇಳಿಸಿದ್ದು" ಎಂದಳು ಅಕ್ಕ. "ತಪ್ಪಾಯ್ತು."

ಪೇಂಟರ್ ತಲೆಯಾಡಿಸಿದ. ಡಾಕ್ಟರಮ್ಮ ಏನೂ ಅರ್ಥವಾಗದೆ, ಸರಿ ಎಂದು ಗುರುತು ಹಾಕಿಕೊಂಡು, ಕೊನೆಯ ಪ್ರಶ್ನೆಗೆ ಬಂದಳು.

"ಇವರು?"

ಪೇಂಟರ್ ಹೆಂಡತಿಯನ್ನು ನೋಡಿದ. ತುಂಬ ಹೊತ್ತು ನೋಡಿದ. ಗುರುತು ಸಿಗಲಿಲ್ಲವೇನೋ ಎಂದು ಡಾಕ್ಟರಮ್ಮ ಪೆನ್ನನ್ನು ಕಾಗದಕ್ಕೆ ತಾಗಿಸಿದಳು.

"ಕುಡಿದಿಲ್ಲ ಅಂದ್ರೆ ನಂಬದೇ ಇದ್ದೋಳು" ಎಂದ.

ಡಾಕ್ಟರಮ್ಮನ ಪೆನ್ನು ನಿಂತಿತು. ಈ ಉತ್ತರಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ. ಅವಳು ಅಕ್ಕನ ಮುಖ ನೋಡಿದಳು.

"ಬರ್ಕೊಳ್ಳಿ ಡಾಕ್ಟ್ರೇ" ಎಂದಳು ಅಕ್ಕ. "ಪೂರ್ತಿ ಎಚ್ಚರ ಬಂದಿದೆ."

ಹೆಂಡತಿ ಕುಸಿಯಲಿಲ್ಲ, ಕಾಲಿಗೂ ಬೀಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನಿಗೆ ಬೆನ್ನು ಹಾಕಿ, ವಾರ್ಡಿನ ಕಡೆ ತಿರುಗಿದಳು. ಏಳು ಹಾಸಿಗೆ, ಅವುಗಳ ಸುತ್ತ ನಿಂತ ಅಣ್ಣ ತಮ್ಮಂದಿರು, ಅತ್ತೆ ಮಾವಂದಿರು, ಬಾಗಿಲ ಬಳಿ ಹಣ್ಣಿನ ಚೀಲ ಹಿಡಿದು ಆಗ ತಾನೇ ಬಂದ ಅವಳ ತಮ್ಮ, ಎಲ್ಲರೂ ಅವಳನ್ನೇ ನೋಡಿದರು.

"ನನ್ನ ಗಂಡ ಕುಡಿದಿರ್ಲಿಲ್ಲ" ಎಂದಳು, ಬೀದಿಗೇ ಕೇಳುವಂತೆ. "ಒಂದು ತೊಟ್ಟೂ ಮುಟ್ಟಿರ್ಲಿಲ್ಲ. ಕಾಯಿಲೆಯಿಂದ ತೊದಲ್ತಾ ಇದ್ರು. ಕುಡುಕ ಅಂತ ನಾನು ಊರ ತುಂಬ ಹೇಳಿದ್ದು ಸುಳ್ಳು. ಇಲ್ಲಿಂದ ಹೋದ್ಮೇಲೆ ಒಂದೊಂದು ಬಾಗಿಲಿಗೂ ಹೋಗಿ ಹೇಳ್ತೀನಿ."

ಅವಳು ತಿರುಗಿ ಗಂಡನನ್ನು ನೋಡಿದಳು. ಅವನ ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಅವನು ಹೋಗಿರಲಿಲ್ಲ.

"ಇನ್ನೊಂದು ಸಲ ಹೇಳು" ಎಂದ.

ಅವಳು ಹೇಳಿದಳು.